ಮಗ ದೊಡ್ಡ ಪ್ರೈಮ್ ನಂಬರ್ ಕಂಡುಹಿಡಿದೀನಿ ಅಂತಾನ, ಮಾರಿದ್ರ ಕೋಟಿ ಬರ್ತೈತಂತ, ಖರೇನಾ ಸರ್?

ಪ್ರಶ್ನೆ: ಸರ್ ನಮಸ್ಕಾರ. ನಾನು ಕಾರಟಗಿಯಾಗ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ಬರಿಯೋ ಕೆಲಸ ಮಾಡ್ತೀನಿ. ಮಗ ಫಸ್ಟ್ ಪಿಯುಸಿ ಸೈನ್ಸ್. ಈ ಬ್ಯಾಸಗಿ ಸೂಟಿಯಾಗ ಎರಡು ಲಾಂಗ್ ನೋಟ್‌ಬುಕ್ ತುಂಬ ಬರೇ ಭಾಗಾಕಾರ ಮಾಡ್ಯಾನ. 67 ಎರಡುಗಳನ್ನ ಒಂದಕ್ಕೊಂದು ಗುಣಿಸಿ 1 ಕಳದ್ರ 147573952589676412927 ಬರ್ತೈತಿ, ಇದು ಪ್ರೈಮ್ ನಂಬರ್, 1000ದ ಒಳಗಿನ 168 ಪ್ರೈಮಿನಿಂದನೂ ಭಾಗಿಸಿ ನೋಡೀನಿ ಒಂದೂ ಹೋಗಂಗಿಲ್ಲ ಅಂತಾನ. ನಮ್ಮ ಷಡ್ಡಕನ ಕಡಿಂದ ಪರಿಚಯ ಆದ ಒಬ್ರು, ಇದನ್ನ ಪೇಟೆಂಟ್ ಮಾಡಿಸಿದ್ರ ಫಾರಿನ್ನವ್ರು ಕೋಟಿಗಟ್ಲೆ ಕೊಡ್ತಾರ, ಮೊದಲು 40 ಸಾವಿರ ಖರ್ಚು ಬರ್ತೈತಿ ಅಂತಾರ. ಇನ್ನೊಬ್ರು, ಇಂಥ ನಂಬರಿನಿಂದ ಬ್ಯಾಂಕಿನ ಲಾಕ್ ಒಡೀತಾವ, ಹುಡುಗನ್ನ ಪೊಲೀಸ್ರು ಕೇಳ್ತಾರ ಅಂತ ಹೆದರಿಸ್ತಾರ. ಅವರವ್ವ ನೀಟ್ ಓದೋದ್ ಬಿಟ್ಟು ಇದೇನ್ ಹುಚ್ಚು ಅಂತ ದಿನಾ ಜಗಳ. ನಂಗ ಗಣಿತ ಅಷ್ಟಾಗಿ ಬರಂಗಿಲ್ಲ. ಹುಡುಗನ ಮಾತು ಖರೇನಾ, ರೊಕ್ಕ ಕೊಡ್ಲಾ ಬ್ಯಾಡಾ, ಅವನಿಗೆ ಏನು ಹೇಳ್ಲಿ?

ಉತ್ತರ: ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅದರಾಗ ಮೂರು ಚಿಂತಿ ಅದಾವ, ರೊಕ್ಕದ್ದೊಂದು, ಹೆದರಿಕಿದೊಂದು, ಹುಡುಗಂದೊಂದು. ಮೂರನೇದು ನಂಗ ಭಾಳ ಮುಖ್ಯ ಅನಸ್ತೈತಿ ಆದ್ರ ರೊಕ್ಕದ್ದು ತುರ್ತು, ಅದನ್ನ ಮೊದಲು ಹೇಳಿಬಿಡ್ತೀನಿ.

40 ಸಾವಿರ ಕೊಡಬ್ಯಾಡ್ರಿ. ಒಂದು ರೂಪಾಯಿನೂ ಕೊಡಬ್ಯಾಡ್ರಿ. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯಾಗ ಕಲಂ 3(ಕೆ) ಅಂತ ಐತಿ, ಗಣಿತದ ವಿಧಾನಕ್ಕ, ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ ಅಂತ ಅಲ್ಲೇ ಬರದಾರ, ವಿಧಾನಕ್ಕೇ ಇಲ್ಲ ಅಂದಮ್ಯಾಲೆ ಬರೇ ಒಂದು ನಂಬರಿಗೆ ಎಲ್ಲಿಂದ ಬರಬೇಕ್ರಿ. ಪ್ರೈಮ್ ನಂಬರಿಗೆ ಬಹುಮಾನ ಇರೋದು ಮಾತ್ರ ಸುಳ್ಳಲ್ಲ, ಬಹುಶಃ ಆ ಮನುಷ್ಯಾ ಅದನ್ನೇ ಎಲ್ಲೋ ಕೇಳಿ ಬಣ್ಣ ಹಚ್ಚಿ ಹೇಳ್ಯಾನ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅನ್ನೋ ಸಂಸ್ಥೆ 10 ಲಕ್ಷ ಅಂಕಿ ಇರೋ ಮೊದಲನೇ ಪ್ರೈಮಿಗೆ 50 ಸಾವಿರ ಡಾಲರ್ 2000ದಾಗ ಕೊಟ್ಟೈತಿ, 1 ಕೋಟಿ ಅಂಕಿದಕ್ಕ 1 ಲಕ್ಷ ಡಾಲರ್ 2009ರಾಗ ಕೊಟ್ಟೈತಿ, ಇನ್ನ 10 ಕೋಟಿ ಅಂಕಿದಕ್ಕ ಒಂದೂವರೆ ಲಕ್ಷ ಡಾಲರ್, 100 ಕೋಟಿ ಅಂಕಿದಕ್ಕ ಎರಡೂವರೆ ಲಕ್ಷ ಡಾಲರ್ ಹಂಗೇ ಉಳದಾವ. ಅಂಕಿ ಅಂದ್ರ ನಂಬರಿನ ಬೆಲಿ ಅಲ್ರಿ, ಬರದ್ರ ಎಷ್ಟು ಅಂಕಿ ಉದ್ದ ಬರ್ತೈತಿ ಅನ್ನೋದು. ನಿಮ್ಮ ಹುಡುಗನ ನಂಬರಿಗೆ 21 ಅಂಕಿ. 21 ಅಂಕಿ ಪ್ರೈಮ್ ಬೇಕಂದ್ರ ನನ್ನ ಫೋನು ಕಣ್ಣು ಮುಚ್ಚಿ ತೆಗಿಯೋದ್ರಾಗ ಸಾವಿರ ಕೊಡ್ತೈತಿ, ಅದಕ್ಕ ಜಗತ್ತಿನ್ಯಾಗ ಯಾರೂ ರೊಕ್ಕ ಕೊಡಂಗಿಲ್ಲ. ಈಗಾಗಲೇ ಏನಾರ ಆನ್‌ಲೈನಿನ್ಯಾಗ ಹಾಕಿದ್ರ ತಡಾ ಮಾಡದಂಗ 1930ಕ್ಕ ಫೋನ್ ಹಚ್ರಿ, ಅದು ಸೈಬರ್ ಮೋಸದ ಹೆಲ್ಪ್‌ಲೈನು, ಎಷ್ಟು ಬೇಗ ಹಚ್ತೀರೋ ಅಷ್ಟು ರೊಕ್ಕ ತಡಿಯೋಕೆ ಆಸ್ಪದ ಇರ್ತೈತಿ.

ಈಗ ಹುಡುಗನ ನಂಬರಿಗೆ ಬರ್ತೀನಿ. ಹೇಳೋಕೆ ನಂಗೂ ಸಂಕಟ ಆಗ್ತೈತಿ, ಅದು ಪ್ರೈಮ್ ಅಲ್ರಿ. 193707721 ಅನ್ನೋದನ್ನ 761838257287ರಿಂದ ಗುಣಿಸಿದ್ರ ಕರೆಕ್ಟಾಗಿ ಆ ನಂಬರೇ ಬರ್ತೈತಿ. ಅವನ ಕೈಲೇ ಗುಣಾಕಾರ ಮಾಡಿಸ್ರಿ, ಅರ್ಧ ತಾಸಿನ ಕೆಲಸ, ನೀವು ಬಾಯಿಲೆ ಹೇಳಿದ್ರ ಅವ ಒಪ್ಪಂಗಿಲ್ಲ, ಒಪ್ಪಲೂಬಾರದು.

ಆದ್ರ ಅದರ ಸಂಗಾಟ ಇದನ್ನೂ ಹೇಳ್ರಿ. ಇದೇ ನಂಬರಿನ ಮ್ಯಾಲೆ ಇದೇ ತಪ್ಪು ಯುರೋಪಿನ ದೊಡ್ಡ ಪಂಡಿತ ಒಬ್ಬ ಮಾಡ್ಯಾನ. ಫ್ರಾನ್ಸಿನ ಮರಾನ್ ಮರ್ಸೆನ್ ಅನ್ನೋ ಪಾದ್ರಿ 1644ರಾಗ ಒಂದು ಪಟ್ಟಿ ಕೊಟ್ಟ, 2ನ್ನ 2, 3, 5, 7, 13, 17, 19, 31, 67, 127, 257 ಸಲ ತಗೊಂಡು ಗುಣಿಸಿ 1 ಕಳದ್ರ ಪ್ರೈಮ್ ಬರ್ತೈತಿ, 257ರ ಒಳಗ ಇಷ್ಟೇ ಅಂತ. ಆ ಪಟ್ಟಿಯಾಗ 67 ತಪ್ಪು, 257ನೂ ತಪ್ಪು, 61, 89, 107 ಸೇರಬೇಕಿತ್ತು ಬಿಟ್ಟೋಗ್ಯಾವ. 67 ತಪ್ಪು ಅಂತ ಗೊತ್ತಾಗೋಕೆ 232 ವರ್ಷ ಹಿಡೀತು, 1876ರಾಗ ಎದುವಾರ್ ಲ್ಯೂಕಾ ಅನ್ನೋ ಫ್ರೆಂಚ್ ಗಣಿತಜ್ಞ ಇದು ಪ್ರೈಮ್ ಅಲ್ಲ ಅಂತ ತೋರಿಸಿದ, ಆದ್ರ ಯಾವ ಎರಡು ನಂಬರಿನ ಗುಣಲಬ್ಧ ಅನ್ನೋದು ಅವನಿಗೂ ಗೊತ್ತಾಗಲಿಲ್ಲ. ಅದನ್ನ 1903ರ ಅಕ್ಟೋಬರ್ 31ಕ್ಕ ಅಮೆರಿಕದ ಗಣಿತ ಸಂಘದ ಸಭೆಯಾಗ ಫ್ರಾಂಕ್ ನೆಲ್ಸನ್ ಕೋಲ್ ಅನ್ನೋ ಪ್ರೊಫೆಸರ್ ತೋರಿಸಿದ, ಬೋರ್ಡಿನ ಒಂದು ಕಡಿ 2ರ ಘಾತ 67 (ಅಂದ್ರ 67 ಎರಡುಗಳ ಗುಣಾಕಾರ) ಲೆಕ್ಕ ಹಾಕಿ 1 ಕಳದ, ಇನ್ನೊಂದು ಕಡಿ ಈ ಎರಡು ನಂಬರ್ ಗುಣಿಸಿದ, ಎರಡೂ ಒಂದೇ ಬಂತು, ಒಂದು ಮಾತೂ ಆಡದಂಗ ಹೋಗಿ ಕುಂತ, ಸಭಾ ಪೂರ್ತಿ ಚಪ್ಪಾಳಿ ಹೊಡೀತಂತ. ಕ್ಲಾಸಿನ್ಯಾಗ ಈ ಕತಿ ನಾನು ಪ್ರತಿ ವರ್ಷ ಹೇಳ್ತಿದ್ದೆ. ನಿಮ್ಮ ಮಗ ಯಾರೂ ಹೇಳಿಕೊಡದೇ ಅದೇ ನಂಬರಿನ ಮುಂದ ಹೋಗಿ ನಿಂತಾನ ಅಂದ್ರ ಅವನ ಮೂಗು ಸರಿಯಾದ ದಿಕ್ಕಿಗೇ ಐತಿ.

ಅವನಿಗೆ ಇನ್ನೊಂದು ಶಭಾಷ್ ಹೇಳಬೇಕು. 2ರ ಘಾತ 67 ನ್ನ ಕೈಲೇ ಲೆಕ್ಕ ಹಾಕಿ 21 ಅಂಕಿನೂ ಸರಿಯಾಗಿ ಬರದಾನ. ನೀವು ಮಿಲ್ಲಿನ ಕಂಪ್ಯೂಟರಿನ್ಯಾಗ ಎಕ್ಸೆಲ್ ತೆಗದು ಅದೇ ಲೆಕ್ಕ ಹಾಕಿ ನೋಡ್ರಿ, ಕೊನೀಗೆ ಆರು ಸೊನ್ನಿ ಬರ್ತಾವ, ಯಾಕಂದ್ರ ಎಕ್ಸೆಲ್ 15 ಅಂಕಿ ಮಾತ್ರ ನೆನಪಿಡ್ತೈತಿ, ಉಳದದ್ದು ಸೊನ್ನಿ ತುಂಬ್ತೈತಿ. ದೊಡ್ಡ ನಂಬರ್ ಹಿಡಕೊಂಡು ನನ್ನ ಹತ್ರ ಬಂದ ಹುಡುಗ್ರ ಪೈಕಿ ಎಷ್ಟೋ ಮಂದಿ ಎಡವಿದ್ದು ಇಲ್ಲೇ, ನಿಮ್ಮವ ಎಡವಿಲ್ಲ.

ಹಂಗಾದ್ರ ತಪ್ಪಿದ್ದೆಲ್ಲಿ? ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನೀವೂ ಓದ್ರಿ ಹುಡುಗನಿಗೂ ಓದಿಸ್ರಿ.

ಪ್ರೈಮ್ ಅಂದ್ರ ಶಾಲಿಯಾಗ ಅವಿಭಾಜ್ಯ ಸಂಖ್ಯೆ ಅಂತ ಕಲತದ್ದೇ, 1ರಿಂದ ಮತ್ತ ತನ್ನಿಂದ ಬಿಟ್ರ ಬ್ಯಾರೆ ಯಾವುದರಿಂದನೂ ಶೇಷ ಇಲ್ದಂಗ ಭಾಗ ಹೋಗದ್ದು. ನಮ್ಮ ಟಿಬಿ ಡ್ಯಾಮಿಗೆ 33 ಗೇಟು, 11ರಂಗ ಮೂರು ಸಾಲು ಮಾಡಬಹುದು, ಅದು ಪ್ರೈಮ್ ಅಲ್ಲ, 31 ಇದ್ದಿದ್ರ ಯಾವ ಸಾಲಿಗೂ ಸಮಾ ಕೂಡ್ತಿರಲಿಲ್ಲ. ಒಂದು ನಂಬರ್ ಪ್ರೈಮ್ ಅಂತ ಭಾಗಿಸಿ ಭಾಗಿಸಿನೇ ಗಟ್ಟಿ ಮಾಡಬೇಕಂದ್ರ ಅದರ ವರ್ಗಮೂಲದ ತನಕ ಹೋಗಬೇಕು. ಹುಡುಗನ ನಂಬರಿನ ವರ್ಗಮೂಲ ಸುಮಾರು 1,214 ಕೋಟಿ. ಅವ ನಿಂತಿದ್ದು 1000ಕ್ಕ. ಇಷ್ಟು ಯಾರಿಗಾದ್ರೂ ಕಾಣಸ್ತೈತಿ, ಅಯ್ಯೋ ಇನ್ನ ಭಾಳ ಐತಲ್ಲ ಅಂತ. ಆದ್ರ ಒಳಗಿನ ವಿಷಯ ಇದಕ್ಕಿಂತ ಆಳ ಐತಿ, ಅವ ಮಾಡಿದ 168 ಭಾಗಾಕಾರದಾಗ ಒಂದೂ ಭಾಗ ಹೋಗೋ ಸಾಧ್ಯತೆನೇ ಇರಲಿಲ್ಲ.

ಯಾಕಂದ್ರ ಇಂಥಾ ನಂಬರಿಗೆ ಒಂದು ಗುಣ ಐತಿ. 2ರ ಘಾತ 67ರಾಗ 1 ಕಳದ ನಂಬರಿಗೆ ಯಾವುದಾದ್ರೂ ಪ್ರೈಮ್ ಭಾಗ ಹೋಗಬೇಕಂದ್ರ ಅದು 134ರ ಮಗ್ಗಿಯ ಯಾವುದೋ ಒಂದು ಸಾಲಿಗೆ 1 ಕೂಡಿಸಿದ್ದೇ ಆಗಿರಬೇಕು. 134 ಅಂದ್ರ 67ರ ಎರಡರಷ್ಟು. ಮಗ್ಗಿ ಹೇಳಿ ನೋಡ್ರಿ, 135, 269, 403, 537, 671, 805, 939, ಸಾವಿರದೊಳಗ ಇಷ್ಟೇ. ಇದರಾಗ 135ಕ್ಕ 5 ಹೋಗ್ತೈತಿ, 403ಕ್ಕ 13, 537ಕ್ಕ 3, 671ಕ್ಕ 11, 805ಕ್ಕ 5, 939ಕ್ಕ 3, ಉಳಿಯೋ ಪ್ರೈಮ್ 269 ಒಂದೇ. ಇನ್ನೊಂದು ನಿಯಮನೂ ಐತಿ, ಭಾಗ ಹೋಗೋ ಪ್ರೈಮನ್ನ 8ರಿಂದ ಭಾಗಿಸಿದ್ರ ಶೇಷ 1 ಇಲ್ಲಾ 7 ಬರಬೇಕು, 269ಕ್ಕ 5 ಬರ್ತೈತಿ, ಅದೂ ಹೋತು. ಅಂದ್ರ 168ರಾಗ 168ನೂ ಮೊದಲೇ ಔಟ್.

ನಿಮ್ಮ ಮಿಲ್ಲಿನ ಭಾಷೆಯಾಗ ಹೇಳ್ತೀನಿ. ನೆಲ್ಲಿನ ಚೀಲಕ್ಕ ಚುಚ್ಚಿ ಸ್ಯಾಂಪಲ್ ತೆಗೀತಾರಲ್ರಿ, ಅದು ಎಲ್ಲಾ ಮೂಲ್ಯಾಗಿಂದ ತೆಗದ್ರ ಮಾಲಿನ ಅಂದಾಜು ಸಿಗ್ತೈತಿ. ಕಲ್ಲು ಇರೋದೇ ಚೀಲದ ತಳದಾಗ, ಮ್ಯಾಲಿಂದ ಗೇಣುದ್ದ 168 ಸಲ ಚುಚ್ಚಿ ಒಂದೂ ಕಲ್ಲಿಲ್ಲ ಅಂದ್ರ ಮಾಲು ಚೊಕ್ಕ ಅಂತ ನೀವು ಒಪ್ಪತೀರೇನು? ಹುಡುಗನ ಲೆಕ್ಕದಾಗ ಆಗಿದ್ದು ಅದೇ. ಭಾಗ ಹೋಗೋ ಮೊದಲನೇ ನಂಬರ್ 193707721 ಇರೋದು 134ರ ಮಗ್ಗಿಯ 14,45,580ನೇ ಸಾಲಿನ್ಯಾಗ. 134 × 1445580 = 193707720, ಅದಕ್ಕ 1 ಕೂಡಿಸ್ರಿ. ಎಲ್ಲಾ ನಂಬರ್ ಒಂದೊಂದಾಗಿ ನೋಡಿದ್ರ 19 ಕೋಟಿ ಭಾಗಾಕಾರ, ಮಗ್ಗಿ ಹಿಡದು ಹೋದ್ರ ಹದಿನಾಲ್ಕೂವರೆ ಲಕ್ಷಕ್ಕಿಂತ ಕಮ್ಮಿ, ಅದನ್ನ ಪೈಥಾನಿನ್ಯಾಗ ನಾಕು ಸಾಲು ಪ್ರೋಗ್ರಾಂ ಬರದ್ರ ಸಾದಾ ಕಂಪ್ಯೂಟರ್ ಒಂದು ಸೆಕೆಂಡಿನ ಆಸುಪಾಸಿನ್ಯಾಗ ಮುಗಿಸ್ತೈತಿ.

ಈ 134ರ ಮಗ್ಗಿ ಎಲ್ಲಿಂದ ಬಂತು ಅಂತ ಹುಡುಗ ಕೇಳೇ ಕೇಳ್ತಾನ, ಕೇಳಬೇಕು. ಸಣ್ಣ ನಂಬರಿನ ಮ್ಯಾಲೆ ತೋರಿಸ್ತೀನಿ. 2ರ ಘಾತ 11ರಾಗ 1 ಕಳದ್ರ 2047, ಅದು 23 × 89, ಇದು ಪ್ರೈಮ್ ಅಲ್ಲ ಅನ್ನೋದು ಅವನಿಗೆ ಗೊತ್ತಿರಬೇಕು, ಇಲ್ಲಂದ್ರ ಈಗ ನೋಡಲಿ. ಈಗ 1ರಿಂದ ಶುರು ಮಾಡಿ ಎರಡರಷ್ಟು ಮಾಡ್ಕೊಂತ ಹೋಗ್ರಿ, 23 ದಾಟಿದ್ರ 23 ಕಳೀರಿ: 2, 4, 8, 16, 9, 18, 13, 3, 6, 12, 1. ಹನ್ನೊಂದನೇ ಹೆಜ್ಜಿಗೆ ವಾಪಸ್ 1ಕ್ಕ ಬಂತು. ಬಂಡಿ ಗಾಲಿ ಒಂದು ಸುತ್ತು ಮುಗಿಸಿ ಮತ್ತ ಅದೇ ಜಾಗಕ್ಕ ಬಂದಂಗ. 2047ಕ್ಕ 23 ಭಾಗ ಹೋಗ್ತೈತಿ ಅನ್ನೋದೂ, 11 ಹೆಜ್ಜಿಗೆ ಗಾಲಿ ವಾಪಸ್ ಬರ್ತೈತಿ ಅನ್ನೋದೂ ಒಂದೇ ಮಾತು. ಈಗ ಫರ್ಮಾ ಅನ್ನೋ ಗಣಿತಜ್ಞ 1640ರಾಗ ಕಂಡದ್ದು ಏನಂದ್ರ, ಯಾವ ಪ್ರೈಮ್ ತಗೊಂಡ್ರೂ (2 ಒಂದು ಬಿಟ್ಟು) ಆ ಪ್ರೈಮಿಗಿಂತ ಒಂದು ಕಮ್ಮಿ ಹೆಜ್ಜಿ ಇಟ್ರ ಗಾಲಿ 1ಕ್ಕ ಬಂದೇ ಬರ್ತೈತಿ. 23ಕ್ಕ 22 ಹೆಜ್ಜಿ. 22 ಹೆಜ್ಜಿಗೂ ವಾಪಸ್, 11 ಹೆಜ್ಜಿಗೂ ವಾಪಸ್ ಅಂದ್ರ 22ರಾಗ ಪೂರ್ತಿ ಎರಡು ಸುತ್ತು ಕೂಡಬೇಕು. ಹಂಗ 67ಕ್ಕೂ, 67 ತಾನೇ ಪ್ರೈಮ್ ಆಗಿರೋದ್ರಿಂದ ನಡುವ ಸಣ್ಣ ಸುತ್ತು ಇರಂಗಿಲ್ಲ, ಭಾಗ ಹೋಗೋ ಪ್ರೈಮಿನಾಗ 1 ಕಳದ್ರ ಅದಕ್ಕ 67 ಹೋಗಲೇಬೇಕು, ಆ ಪ್ರೈಮ್ ಬೆಸ ಆಗಿರೋದ್ರಿಂದ 1 ಕಳದಮ್ಯಾಲೆ ಸಮ, ಅದಕ್ಕ 2ನೂ ಹೋಗಬೇಕು, ಅಲ್ಲಿಗೆ 134. 89ಕ್ಕೂ ನೋಡ್ರಿ, 88 ಅಂದ್ರ 22ರ ಮಗ್ಗಿಯ ನಾಕನೇ ಸಾಲು. ಇಷ್ಟು ಅವ ಒಮ್ಮೆ ಕೈಲೇ ಮಾಡಿದ್ರ ಸಾಕ್ರಿ, ಆ ಎರಡು ನೋಟ್‌ಬುಕ್ಕಿನ ದುಡಿಮಿ ಪೂರ್ತಿ ವಾಪಸ್ ಬಂದಂಗ.

ಇನ್ನೊಂದು ಚೆಕ್ಕೂ ಅವನಿಗೆ ಕೊಡ್ರಿ. ಇದೇ 1000ದ ಪರೀಕ್ಷೆಗೆ 2ರ ಘಾತ 41ರಾಗ 1 ಕಳದ ನಂಬರ್ ಹಚ್ಚಿದ್ರೂ ಪಾಸಾಗ್ತಿತ್ತು, ಆದ್ರ ಅದು 13367 × 164511353. 13367 ಸಾವಿರದಿಂದ ಆಚೆಗೆ ಐತಿ ಅಷ್ಟೇ. ಸ್ವಲ್ಪ ದೂರ ಸರಿಹೋಗಿದ್ದು ಕಡೀತನಕ ಸರಿಹೋಗ್ತೈತಿ ಅನ್ನೋ ನಂಬಿಕಿ ಪ್ರೈಮ್ ಲೋಕದಾಗ ಭಾಳ ಮಂದಿಗೆ ಕೈ ಕೊಟ್ಟೈತಿ. ನಾನು ಬಳ್ಳಾರಿಯಾಗ ಡಿಗ್ರಿ ಹುಡುಗ್ರಿಗೆ ಕಲಿಸುವಾಗ ಸಿರುಗುಪ್ಪ ಕಡಿ ಹುಡುಗ ಒಬ್ಬ ಒಂದು ಸೂತ್ರ ತಂದಿದ್ದ, ಯಾವ ಸಂಖ್ಯೆ ತಗೊಂಡ್ರೂ ಅದರ ವರ್ಗಕ್ಕ ಅದನ್ನೇ ಕೂಡಿಸಿ ಮತ್ತ 41 ಕೂಡಿಸಿದ್ರ ಪ್ರೈಮ್ ಬರ್ತೈತಿ ಸರ್, 30ರ ತನಕ ನೋಡೀನಿ ಅಂತ. ಆ ಸೂತ್ರ ಆಯ್ಲರ್ ಅನ್ನೋ ಹಳೇ ಕಾಲದ ದೊಡ್ಡ ಗಣಿತಜ್ಞರಿಗೆ ಗೊತ್ತಿತ್ತು, 39ರ ತನಕ ಖರೇನ ಎಲ್ಲಾ ಪ್ರೈಮೇ, 40ಕ್ಕ 1681 ಬರ್ತೈತಿ, ಅದು 41 × 41. ಹುಡುಗ ಹತ್ತು ಹೆಜ್ಜಿ ಈಚೆ ನಿಂತಿದ್ದ. ಆ ದಿನ ಅವನ ಮುಖ ಸಪ್ಪಗಾಗಿದ್ದು ನಂಗ ಇನ್ನೂ ನೆನಪೈತಿ, ಅದಕ್ಕ ನಿಮ್ಮ ಹುಡುಗನಿಗೆ ಬರೇ ತಪ್ಪು ಅಂತ ಹೇಳಿ ಕೈಬಿಡಬಾರದು ಅಂತ ಇಷ್ಟು ಉದ್ದ ಬರೀತಿರೋದು.

ಭಾಗಾಕಾರ ಇಲ್ದಂಗ ಪ್ರೈಮ್ ಹೌದೋ ಅಲ್ಲೋ ಹೇಳೋ ದಾರಿ ಐತೇನು ಅಂದ್ರ ಐತಿ, ಲ್ಯೂಕಾ ಹಾಕಿದ ದಾರಿ, ಅದನ್ನ 1930ರಾಗ ಲೆಹ್ಮರ್ ಅನ್ನೋರು ಚಂದ ಮಾಡಿ ನಿಲ್ಲಿಸಿದ್ರು. 4ರಿಂದ ಶುರು ಮಾಡು, ವರ್ಗ ಮಾಡಿ 2 ಕಳಿ, ಪರೀಕ್ಷೆ ಮಾಡೋ ನಂಬರಿನಿಂದ ಭಾಗಿಸಿ ಶೇಷ ಇಟ್ಕೋ, ಮತ್ತ ಅದನ್ನೇ ಮಾಡು. ಘಾತ ಎಷ್ಟೈತೋ ಅದಕ್ಕಿಂತ 2 ಕಮ್ಮಿ ಸಲ ಮಾಡಿದಮ್ಯಾಲೆ ಶೇಷ 0 ಬಂದ್ರ ಪ್ರೈಮ್, ಬರದಿದ್ರ ಅಲ್ಲ, ಅನುಮಾನಕ್ಕ ಜಾಗಾನೇ ಇಲ್ಲ. 31 ತಗೋರಿ, ಅದು 2ರ ಘಾತ 5ರಾಗ 1 ಕಳದದ್ದು, ಮೂರು ಸಲ ಮಾಡಬೇಕು. 4ರ ವರ್ಗ 16, 2 ಕಳದ್ರ 14. 14ರ ವರ್ಗ 196, 2 ಕಳದ್ರ 194, 31ರಿಂದ ಭಾಗಿಸಿದ್ರ ಶೇಷ 8. 8ರ ವರ್ಗ 64, 2 ಕಳದ್ರ 62, ಶೇಷ 0. ಆತು, 31 ಪ್ರೈಮ್. 67ಕ್ಕ ಇದನ್ನೇ 65 ಸಲ ಮಾಡಬೇಕು, ಕೊನೀಗೆ 0 ಬರಂಗಿಲ್ಲ. ನೋಡ್ರಿ ಎಂಥಾ ವಿಚಿತ್ರ, ಯಾವ ನಂಬರ್ ಭಾಗ ಹೋಗ್ತೈತಿ ಅಂತ ಗೊತ್ತೇ ಇಲ್ದಂಗ ಯಾವುದೋ ಒಂದು ಹೋಗ್ತೈತಿ ಅಂತ ಗಟ್ಟಿಯಾಗಿ ಹೇಳಬಹುದು. ಇಷ್ಟು ವರ್ಷ ಕಲಿಸಿದ್ರೂ ನಂಗ ಇದು ಹಳೇದಾಗಿಲ್ಲ.

ಈ ಪರೀಕ್ಷೆ 2ರ ಘಾತದಾಗ 1 ಕಳದ ನಂಬರಿಗೆ ಮಾತ್ರ. ಯಾವ ನಂಬರಿಗಾದ್ರೂ ನಡಿಯೋ, ಊಹೆ ಇಲ್ಲದ, ಅಂಕಿ ಹೆಚ್ಚಾದ್ರೂ ಕೈಮೀರದ ಪರೀಕ್ಷೆ ಭಾಳ ವರ್ಷ ಸಿಕ್ಕಿರಲಿಲ್ಲ, ಅದನ್ನ 2002ರಾಗ ಕೊಟ್ಟವ್ರು ನಮ್ಮವ್ರೇ, ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಆಗ ಕಯಾಲ್, ಸಕ್ಸೇನಾ ಇಬ್ಬರೂ ಇನ್ನ ಎಳೇ ವಯಸ್ಸಿನವ್ರು. 2006ರಾಗ ಅವರಿಗೆ ಕಂಪ್ಯೂಟರ್ ವಿಜ್ಞಾನದ ಗೋಡೆಲ್ ಪ್ರಶಸ್ತಿ ಬಂತು. ಇದನ್ನ ಹುಡುಗನಿಗೆ ತಪ್ಪದೇ ಹೇಳ್ರಿ.

ಖರೇ ಪ್ರೈಮ್ ಬೇಕು ಅಂದ್ರ ಅವ ಆರು ಹೆಜ್ಜಿ ಹಿಂದ ಬಂದ್ರ ಸಾಕು. 2ರ ಘಾತ 61ರಾಗ 1 ಕಳದ್ರ 2305843009213693951, ಇದು ಪ್ರೈಮ್, 1883ರಾಗ ರಷ್ಯಾದ ಪೆರ್ವೂಶಿನ್ ಅನ್ನೋ ಹಳ್ಳಿ ಪಾದ್ರಿ ಸಾಬೀತು ಮಾಡಿದ. ಇನ್ನ 31ರದ್ದು, 2147483647, ಅದನ್ನ ಆಯ್ಲರ್ ಸಾಬೀತು ಮಾಡಿ 1772ರಾಗ ಬರ್ನೂಲಿ ಅನ್ನೋ ಗಣಿತಜ್ಞರಿಗೆ ಕಾಗದ ಬರದ್ರು, ಆಗ ಅವರಿಗೆ ಕಣ್ಣು ಹೆಚ್ಚುಕಮ್ಮಿ ಹೋಗಿಬಿಟ್ಟಿದ್ವು. ಅವರೂ ನಿಮ್ಮ ಮಗನಂಗ ಭಾಗಿಸೇ ನೋಡಿದ್ದು, ಆದ್ರ ನಾನು ಮ್ಯಾಲೆ ಹೇಳಿದೆನಲ್ಲ ಮಗ್ಗಿ ಮತ್ತ 8ರ ಶೇಷದ ನಿಯಮ, ಅವನ್ನ ಹಿಡದು 372 ಭಾಗಾಕಾರದಾಗ ಕೆಲಸ ಮುಗಿಯೋ ಹಂಗ ಮಾಡಿದ್ರು. ನಿಮ್ಮ ಹುಡುಗ ಮಾಡಿದ್ದು 168, ಅಂದ್ರ ಅಷ್ಟು ದುಡಿಮಿಗೆ ಅವ ತಯಾರಿದ್ದಾನ, ಎಲ್ಲಿ ದುಡಿಬೇಕು ಅನ್ನೋದು ಗೊತ್ತಿರಲಿಲ್ಲ ಅಷ್ಟೇ. ಈ 2147483647 ನಿಮ್ಮ ಕಂಪ್ಯೂಟರಿನ್ಯಾಗೂ ಐತಿ, ಧನ, ಋಣ ಎರಡೂ ಹಿಡಿಯೋ 32 ಬಿಟ್ಟಿನ ಲೆಕ್ಕದಾಗ ಕೂಡೋ ಅತಿ ದೊಡ್ಡ ಪೂರ್ಣಾಂಕ ಇದೇ, 2014ರಾಗ ಯೂಟ್ಯೂಬಿನ ಒಂದು ಕೊರಿಯನ್ ಹಾಡು ಇಷ್ಟು ಸಲ ನೋಡಿದ್ದು ದಾಟಿ ಅವ್ರು ಮೀಟರ್ ದೊಡ್ಡದು ಮಾಡಬೇಕಾತು.

ಇವತ್ತಿಗೆ ನಾನು ಕೇಳಿದ ಅತಿ ದೊಡ್ಡ ಪ್ರೈಮ್ 2ರ ಘಾತ 136279841ರಾಗ 1 ಕಳದದ್ದು, 2024ರ ಅಕ್ಟೋಬರಿನ್ಯಾಗ ಸಿಕ್ಕಿದ್ದು, ಕಂಡವ್ರು ಅಮೆರಿಕದ ಲೂಕ್ ಡ್ಯುರಾಂಟ್. 4,10,24,320 ಅಂಕಿ. ಒಂದು ಪುಟಕ್ಕ ಸಾವಿರ ಅಂಕಿಯಂಗ ಬರದ್ರೂ 200 ಪುಟದ ಲಾಂಗ್ ನೋಟ್‌ಬುಕ್ 205 ತುಂಬಿ ಮತ್ತ ಉಳೀತೈತಿ. ಅದೂ ಒಬ್ಬರ ಮನಿ ಕಂಪ್ಯೂಟರಿನ್ಯಾಗ ಸಿಕ್ಕಿದ್ದಲ್ಲ, 17 ದೇಶದಾಗ ಇರೋ ಡೇಟಾ ಸೆಂಟರಿನ ಗ್ರಾಫಿಕ್ಸ್ ಚಿಪ್ಪುಗಳನ್ನ ಬಾಡಿಗಿ ಹಿಡದು ಹುಡುಕಿದ್ದು.

ಬ್ಯಾಂಕಿನ ಲಾಕಿನ ಮಾತು. ಇದರಾಗ ಅರ್ಧ ಖರೇ ಇರೋದ್ರಿಂದನೇ ಮಂದಿ ಹೆದರ್ತಾರ. ಬ್ಯಾಂಕಿನ ವೆಬ್‌ಸೈಟಿನ ಬೀಗಗಳಾಗ ಆರ್‌ಎಸ್‌ಎ ಅನ್ನೋದು ಒಂದು, ಸುಮಾರು 309 ಅಂಕಿ ಇರೋ ಎರಡು ಪ್ರೈಮ್ ಗುಣಿಸಿ 617 ಅಂಕಿ ನಂಬರ್ ಮಾಡಿ ಅದನ್ನ ಎಲ್ಲರಿಗೂ ಕಾಣೋ ಹಂಗ ಇಟ್ಟಿರ್ತಾರ, ಆ ಎರಡು ಪ್ರೈಮ್ ಮಾತ್ರ ಗುಟ್ಟು. ಗುಣಿಸೋದು ಸಸಾರ, ಬಿಡಿಸೋದು ಭಾಳ ಬಿರುಸು. ಇಲ್ಲಿತನಕ ಈ ಥರದ ನಂಬರಿನ್ಯಾಗ ಬಿಡಿಸಿದ್ದಕ್ಕ ಹೆಸರಾದದ್ದು 250 ಅಂಕಿದು, 2020ರಾಗ, ಒಂದೇ ಕಂಪ್ಯೂಟರ್ ಕೋರ್ ಮಾಡಿದ್ರ ಸುಮಾರು 2,700 ವರ್ಷ ಹಿಡಿಯೋಷ್ಟು ಕೆಲಸ ಅದು. ಹಂಗಾಗಿ ಒಬ್ಬ ಹುಡುಗ ಒಂದು ಪ್ರೈಮ್ ಕಂಡ್ರ ಯಾವ ಬೀಗಾನೂ ತೆರೆಯಂಗಿಲ್ಲ, ಬ್ಯಾಂಕಿಗೆ ಬೇಕಾದ ಪ್ರೈಮ್ ಯಾರಿಗೂ ಗೊತ್ತಿಲ್ಲದ್ದು, ಆಗಿಂದಾಗ ಕಂಪ್ಯೂಟರ್ ತಾನೇ ಆರಿಸಿಕೊಂಡದ್ದು. 309 ಅಂಕಿ ಸಂಖ್ಯೆಗಳಾಗ ಸುಮಾರು 700ಕ್ಕ ಒಂದು ಪ್ರೈಮ್ ಇರ್ತೈತಿ, ಕೊರತಿ ಇಲ್ಲ. ಲೋಕಕ್ಕೆಲ್ಲ ಗೊತ್ತಾದ ದೊಡ್ಡ ಪ್ರೈಮ್ ಬೀಗಕ್ಕ ಉಪಯೋಗಕ್ಕೇ ಬರಂಗಿಲ್ಲ, ಗುಟ್ಟು ಉಳಿಯಂಗಿಲ್ಲಲ್ಲ. ಪ್ರೈಮ್ ಹುಡುಕೋದು ಯಾವ ಕಾನೂನಿನ್ಯಾಗೂ ತಪ್ಪಲ್ಲ, ಪೊಲೀಸ್ರ ಹೆದರಿಕಿ ಮನಿಯಿಂದ ತೆಗದು ಹಾಕ್ರಿ.

ಈಗ ಹುಡುಗನ ಸಂಗಾಟ ಏನು ಮಾಡೋದು. ಒಂದು ದಾರಿ, ಇವನ್ನೆಲ್ಲ ಬಿಡಿಸಿ ನೀಟಿಗೆ ಕುಂಡ್ರಿಸೋದು. ಮಾಡಬಹುದು, ಆದ್ರ ಎರಡು ನೋಟ್‌ಬುಕ್ ತಾನಾಗಿ ತುಂಬಿದ ಹುಡುಗನ ಕೈಲಿಂದ ಅದನ್ನ ಕಿತಗೊಂಡ್ರ ಓದಿನ ಮ್ಯಾಲೆನೇ ಬೇಜಾರ ಬರ್ತೈತಿ, ನಾನು ಕಣ್ಣಾರೆ ಕಂಡೀನಿ. ಪೂರ್ತಿ ಬಿಟ್ಟುಬಿಡೋದೂ ಸರಿಯಲ್ಲ, ಊಟ ಬಿಟ್ಟು ಕುಂಡ್ರೋದು, ಕೆಮಿಸ್ಟ್ರಿಯಾಗ ಫೇಲ್ ಆಗೋದು ಬ್ಯಾಡ, ಯಾವ ಕಾಲೇಜಿನ ಬಾಗಿಲಿಗೂ ಪಿಯುಸಿ ಮಾರ್ಕ್ಸ್ ಬೇಕೇ ಬೇಕು. ವಾರಕ್ಕ ಎರಡು ಸಂಜಿ ಅವನ ಗಣಿತಕ್ಕ ಅಂತ ಬಿಟ್ಟುಕೊಡ್ರಿ, ಅವರವ್ವನ್ನೂ ಕುಂಡ್ರಿಸಿಕೊಂಡು ಈ ಮಾತು ಆಡ್ರಿ, ಅವ್ರ ಚಿಂತಿನೂ ಖರೇನೇ ಐತಿ.

ಕಂಪ್ಯೂಟರಿನ್ಯಾಗ ಪೈಥಾನ್ ಮತ್ತ ಪಾರಿ-ಜಿಪಿ ಅನ್ನೋ ಸಾಫ್ಟ್‌ವೇರ್, ಎರಡೂ ಪುಗಸಟ್ಟೆ, ಎಷ್ಟು ದೊಡ್ಡ ನಂಬರಿದ್ರೂ ಒಂದು ಅಂಕಿ ಕಳಿಯಂಗಿಲ್ಲ. ಪಾರಿಗೆ ಅವನ ನಂಬರ್ ಕೊಟ್ರ ಕೂಡಲೇ ಎರಡು ಅಪವರ್ತನ ಬಿಡಿಸಿ ಇಡ್ತೈತಿ. ಆದ್ರ ಮೊದಲೇ ಅದನ್ನ ತೋರಿಸಬ್ಯಾಡ್ರಿ, ಅವ ಮಗ್ಗಿ ಹಿಡದು ತನ್ನ ಪ್ರೋಗ್ರಾಂ ಬರದು 193707721 ತಾನೇ ಹಿಡೀಲಿ, ಆ ಖುಷಿ ಬ್ಯಾರೆನೇ.

ಅವ ಖರೇ ದಾಖಲೆ ಪ್ರೈಮೇ ಹುಡುಕ್ತೀನಿ ಅಂದ್ರ ಜಿಂಪ್ಸ್ ಅಂತ ಒಂದು ಯೋಜನೆ ಐತಿ, 1996ರಾಗ ಶುರುವಾದದ್ದು, ಯಾರು ಬೇಕಾದ್ರೂ ಸೇರಬಹುದು, ಫೀಸ್ ಇಲ್ಲ, ಸಿಕ್ಕವರಿಗೆ 3 ಸಾವಿರ ಡಾಲರ್ ಕೊಡ್ತಾರ. ಆದ್ರ ಶುರುವಾದಾಗಿಂದ 2024ರ ತನಕ 28 ವರ್ಷದಾಗ ಸಾವಿರಾರು ಮಂದಿ ಸೇರಿ ಹುಡುಕಿ ಸಿಕ್ಕಿದ್ದು ಬರೇ 18. ಕಂಪ್ಯೂಟರ್ ಹಗಲೂರಾತ್ರಿ ಓಡಬೇಕು, 150 ವಾಟ್ ಎಳೀತೈತಿ ಅಂತ ಹಿಡದ್ರೂ ತಿಂಗಳಿಗೆ 108 ಯೂನಿಟ್, ಗೃಹಜ್ಯೋತಿಯಾಗ 200 ಯೂನಿಟ್ ದಾಟಿದ್ರ ಜೆಸ್ಕಾಂ ಬಿಲ್ ಪೂರ್ತಿ ಕಟ್ಟಬೇಕು, ಮ್ಯಾಲೆ ನಮ್ಮ ಕಡಿ ಏಪ್ರಿಲ್ ಮೇ ಬಿಸಿಲಿಗೆ ಲ್ಯಾಪ್‌ಟಾಪ್ ಕಾಯ್ದು ಹಾಳಾಗ್ತೈತಿ. ನನ್ನ ಅಭಿಪ್ರಾಯ ಕೇಳಿದ್ರ ಅವನ ವಯಸ್ಸಿಗೆ ಇದು ಬ್ಯಾಡ, ಯಾಕಂದ್ರ ಅಲ್ಲಿ ದುಡಿಯೋದು ಮಷಿನ್, ತಲಿ ಅಲ್ಲ.

ಅದಕ್ಕಿಂತ ಐಒಕ್ಯೂಎಂ ಅಂತ ಗಣಿತ ಒಲಿಂಪಿಯಾಡಿನ ಮೊದಲ ಪರೀಕ್ಷೆ ಐತಿ, ಅದರ ಹಳೇ ಪ್ರಶ್ನೆಪತ್ರಿಕೆ ತೆಗಸಿ ಕೊಡ್ರಿ, ಅದರಾಗ ಇಂಥದ್ದೇ ಸಂಖ್ಯೆಗಳ ಲೆಕ್ಕ ಇರ್ತಾವ. ಪಿಯುಸಿ ಆದಮ್ಯಾಲೆ ಬೆಂಗಳೂರಿನ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ್ಯಾಗ ಬಿ.ಮ್ಯಾಥ್ ಅಂತ ಪೂರ್ತಿ ಗಣಿತದ್ದೇ ಡಿಗ್ರಿ ಐತಿ, ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟೂ ಐತಿ, ಎರಡಕ್ಕೂ ಬ್ಯಾರೆ ಎಂಟ್ರೆನ್ಸ್. ಸೀಟು ಕಮ್ಮಿ, ಪರೀಕ್ಷೆ ಕಠಿಣ, ಅದೊಂದನ್ನೇ ನಂಬಿ ಕುಂಡ್ರೋದೂ ಬ್ಯಾಡ. ಹೊಟ್ಟಿಪಾಡು ನಡೀತೈತೇನು ಅಂತ ನೀವು ಕೇಳ್ತೀರಿ, ಗಣಿತ ಗಟ್ಟಿ ಇದ್ದವರಿಗೆ ಕಂಪ್ಯೂಟರ್ ಕೆಲಸ, ಬ್ಯಾಂಕು, ಇನ್ಶುರೆನ್ಸ್, ಪಾಠ ಹೇಳೋದು, ದಾರಿ ಅದಾವ, ನನ್ನ ಹುಡುಗ್ರನ್ನೇ ನೋಡಿ ಹೇಳ್ತೀನಿ. ಡಾಕ್ಟರ್ ಆಗಬೇಕೋ ಗಣಿತಕ್ಕ ಹೋಗಬೇಕೋ ಅನ್ನೋದನ್ನ ಈಗಲೇ ತೀರ್ಮಾನ ಮಾಡೋದೂ ಬ್ಯಾಡ, ಅವನಿಗೆ ಇನ್ನೂ ಒಂದು ವರ್ಷದ ಮ್ಯಾಲೆ ಟೈಮ್ ಐತಿ.

ಅವನಿಗೆ ನನ್ನ ಕಡಿಂದ ಒಂದು ಲೆಕ್ಕ ಕೊಡ್ರಿ. 2ರ ಘಾತ 73ರಾಗ 1 ಕಳೀಲಿ, ಅವನ 67ಕ್ಕಿಂತ ದೊಡ್ಡ ನಂಬರ್ ಬರ್ತೈತಿ. ಈ ಸಲ 168 ಭಾಗಾಕಾರ ಬ್ಯಾಡ. 73ರ ಎರಡರಷ್ಟು 146, ಆ ಮಗ್ಗಿ ಬರದು ಒಂದೊಂದು ಸಾಲಿಗೆ 1 ಕೂಡಿಸಿ, 8ರ ಶೇಷ ನೋಡಿ ಸೋಸಿ, ಆಮ್ಯಾಲೆ ಭಾಗಿಸಲಿ. ಭಾಗ ಹೋಗೋ ಪ್ರೈಮ್ ಮೊದಲ ಐದು ಸಾಲಿನೊಳಗೇ ಐತಿ, ಕೈಲೇ ಹತ್ತು ನಿಮಿಷದ ಕೆಲಸ. ಸಿಕ್ಕಮ್ಯಾಲೆ ಯಾವ ಸಾಲು ಅಂತ ಬರದು ಕಳಸಾಕ ಹೇಳ್ರಿ, ನಾನು ಕಾಯ್ತಿರ್ತೀನಿ.